ನೂರಾ ಹದಿನೆಂಟನೇ ನಂಬರಿನ ಮಾಲು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದವನು ನಾನು. ಕಲಬುರಗಿ ಬಜಾರಿನಲ್ಲಿ ನಾಗಣ್ಣ ಸಾಹೇಬರ ಸ್ಕೂಟರಿನ ಸದ್ದು ಕೇಳಿದರೆ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವು. ನಿವೃತ್ತನಾಗಿ ಎರಡು ವರ್ಷ ಕಳೆದರೂ ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುವ ಚಟ ಹೋಗಿಲ್ಲ. ಯಾರಾದರೂ ‘ಸ್ವಲ್ಪ’ ಎಂದರೆ ಎಷ್ಟು ಎಂದು ಕೇಳುತ್ತೇನೆ. ಇದರಿಂದ ನನಗೆ ಗೆಳೆಯರು ಕಡಿಮೆ, ಬೀಗರು ಜಾಸ್ತಿ.

ಇಷ್ಟೆಲ್ಲ ಇದ್ದೂ ನನ್ನ ಮನೆಯಲ್ಲೇ ಒಂದು ವಸ್ತು ಮೂವತ್ತನಾಲ್ಕು ವರ್ಷದಿಂದ ಕಡಿಮೆ ತೂಗುತ್ತಿತ್ತು, ನಾನು ಗಮನಿಸಿರಲಿಲ್ಲ. ಅದು ನನ್ನ ಹೆಂಡತಿ ಕಸ್ತೂರಿಬಾಯಿಯ ನಿದ್ದೆ.

ನಮ್ಮ ಮನೆ ಬಸ್‌ಸ್ಟ್ಯಾಂಡಿನಿಂದ ನಾಲ್ಕುನೂರ ಹತ್ತು ಹೆಜ್ಜೆ. ಆಳಂದದ ಕಡೆಯವರು ಕಣ್ಣಿನ ಆಪರೇಷನ್ನಿಗೆ ಬಂದರೆ ನಮ್ಮಲ್ಲಿ, ಜೇವರ್ಗಿಯವರು ಕೋರ್ಟಿಗೆ ಬಂದರೆ ನಮ್ಮಲ್ಲಿ, ಅಫಜಲಪುರದವರು ಬಂಗಾರ ಕೊಳ್ಳಲು ಬಂದರೂ ನಮ್ಮಲ್ಲಿ. ಮೊದಲ ಬಸ್ಸು ನಸುಕಿನ ನಾಲ್ಕೂವರೆಗೆ ಬರುತ್ತದೆ, ನಾಲ್ಕು ನಲವತ್ತಕ್ಕೆ ಬಾಗಿಲು ಬಡಿಯುತ್ತದೆ. ನಾನು ಹಾಸಿಗೆಯಿಂದಲೇ ‘ಬರ್ರಿ, ಬರ್ರಿ’ ಎಂದು ಕೂಗುತ್ತಿದ್ದೆ, ಆಕೆ ಎದ್ದು ಚಹಾಕ್ಕೆ ಇಡುತ್ತಿದ್ದಳು. ಬಂದವರು ನಾಗಣ್ಣ ಸಾಹೇಬರ ಮನೆಯೆಂದರೆ ಮನೆ ಎಂದು ಹೊಗಳಿದಾಗ ನಾನು ಉಬ್ಬುತ್ತಿದ್ದೆ. ಚಹಾ ಮಾಡಿದವರು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೋದ ದೀಪಾವಳಿ ಮುಗಿದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತಾ ಆಕೆ ಹೇಳಿದಳು: “ನನಗ ಒಮ್ಮೆ ಒಳಗಿಂದ ಚಿಲಕಾ ಹಾಕ್ಕೊಂಡು ಮಲಗಬೇಕಾಗ್ಯಾದ್ರಿ. ತಾನಾಗೇ ಎಚ್ಚರಾಗೂತನಕ. ಯಾರೂ ಬಾಗಲಾ ಬಡೀಬಾರದು.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಿನಿಂದ ಒಂದು ಮಾತು ಅಂದು ಮುಗಿಸುತ್ತಿದ್ದೆ. ಆಕೆ ಉಪ್ಪು ತೀರಿದೆ ಎನ್ನುವ ದನಿಯಲ್ಲಿ ಹೇಳಿದಳು. ನನಗೆ ಹೆದರಿಕೆಯಾಯಿತು.

ಮನೆಯಲ್ಲಿ ಇದು ಆಗುವ ಮಾತಲ್ಲ. ಲಾಡ್ಜಿಗೆ ಹೋದರೆ ಅಲ್ಲಿಯ ಮ್ಯಾನೇಜರನೇ ನಮ್ಮ ಬೀಗರ ಪೈಕಿ. ಬೀದರಿನಲ್ಲಿರುವ ಮಗಳು ಶಾಂಭವಿ ಉಪಾಯ ಹೇಳಿದಳು: ಮನೆಗಾಡಿ ಮಾಡಿಕೊಳ್ಳಿ, ಊರೂರಿಗೆ ಕ್ಯಾರವಾನ್ ಪಾರ್ಕು, ಕ್ಯಾಂಪು ಎಲ್ಲ ಆಗಿವೆ, ಅಲ್ಲಿ ಗಾಡಿ ನಿಲ್ಲಿಸಿ ಬಾಗಿಲು ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ನಾನು ಒಂದು ಹಳೆಯ ಶಾಲಾ ವ್ಯಾನು ತಂದೆ. ಒಳಗೆ ಆರಡಿ ಉದ್ದ, ನಾಲ್ಕಡಿ ಎರಡಿಂಚು ಅಗಲದ ಮಂಚ, ಒಂದು ಒಲೆ, ನೀರಿನ ಕ್ಯಾನು. ಡ್ರೈವರ್ ಸೀಟಿಗೂ ಮಂಚಕ್ಕೂ ನಡುವೆ ಪ್ಲೈವುಡ್ ಹಲಗೆ. ಸಾಮಾನಿಗೆಂದು ತಲೆಯ ಮೇಲೆ ಕ್ಯಾರಿಯರು. ಕಸ್ತೂರಿಬಾಯಿ ಇದ್ಯಾವುದಕ್ಕೂ ತಲೆ ಹಾಕಲಿಲ್ಲ. ಚಿಲಕ ಮಾತ್ರ ತಾನೇ ಬಜಾರಿಗೆ ಬಂದು ಆರಿಸಿದಳು. ಅಂಗಡಿಯಲ್ಲಿ ನಿಂತು ಅದನ್ನು ಹದಿನೇಳು ಸಲ ಹಾಕಿ ತೆಗೆದು ನೋಡಿದಳು. ನಾನು ಎಣಿಸಿದೆ.

ಶಾಂಭವಿ ಫೋನಿನ ನಕ್ಷೆಯಲ್ಲಿ ಎರಡು ಚುಕ್ಕೆ ಹಾಕಿಕೊಟ್ಟಳು, ಜೇವರ್ಗಿಯಲ್ಲೊಂದು, ಅಫಜಲಪುರ ತಾಲೂಕಿನಲ್ಲೊಂದು. ಹಿಂದಿರುಗುವಾಗ ಆಳಂದದ ಮೇಲೆ ಬರುವುದು ಎಂದಾಯಿತು. ಆಳಂದ ತಾಲೂಕಿನ ನಿಂಬರ್ಗಾ ನನ್ನ ಹೆಂಡತಿಯ ತವರು, ಅಲ್ಲಿ ಅವಳ ಕಾಕಾನ ಮಗ ಮಾಳಿಂಗ ಇದ್ದಾನೆ. ಹೊರಡುವ ಹಿಂದಿನ ದಿನ ನಾನೇ ಫೋನು ಮಾಡಿ ಅವನಿಗೆ ಬರುತ್ತೇವೆ ಎಂದುಬಿಟ್ಟೆ. ಯಾಕೆ ಹೇಳಿದೆ ಎಂದು ಕೇಳಬೇಡಿ. ಮೂವತ್ತನಾಲ್ಕು ವರ್ಷ ‘ಬರ್ರಿ’ ಎಂದ ಬಾಯಿ ‘ಬರ್ತೇವಿ’ ಎನ್ನಲು ಎಷ್ಟು ಹೊತ್ತು.

ಭೀಮಾ ನದಿಯ ಸೇತುವೆ ದಾಟಿ ಜೇವರ್ಗಿಯ ಕಡೆ ಸ್ವಲ್ಪ ಹೋದರೆ, ಸ್ವಲ್ಪ ಎಂದರೆ ಎರಡು ಕಿಲೋಮೀಟರು ಮುನ್ನೂರು ಮೀಟರು, ‘ಪೀರಸಾಬ ಕ್ಯಾರವಾನ ಪಾರ್ಕ’ ಎಂಬ ಬೋರ್ಡು. ಬೇವಿನ ಮರ, ನಲ್ಲಿ, ಕರೆಂಟಿನ ಪ್ಲಗ್ಗು, ಗಾಡಿ ನಿಲ್ಲಿಸಲು ಸುಣ್ಣದ ಗೆರೆ. ಟೇಪು ಹಿಡಿದು ಅಳೆದೆ, ಗೆರೆ ಒಂದಿಂಚೂ ಸೊಟ್ಟ ಇರಲಿಲ್ಲ. ಪೀರಸಾಬ ಅರವತ್ತರ ಆಸುಪಾಸಿನ ರೈತ, ಮೊಬೈಲಿನಲ್ಲಿ ನೋಡಿ ಎಲ್ಲವನ್ನೂ ಹಾಗೆಯೇ ಮಾಡಿಸಿದ್ದ. ನನಗೆ ಅವನ ಮೇಲೆ ಪ್ರೀತಿ ಬಂತು.

ಹೊತ್ತು ಇಳಿಯುತ್ತಿದ್ದಂತೆ ಅವನ ಮುಖ ಇಳಿಯಿತು. ಕಸ್ತೂರಿಬಾಯಿ ಗಾಡಿಯಲ್ಲಿ ಹಾಸಿಗೆ ಬಿಡಿಸುತ್ತಿದ್ದಾಗ ಬಂದು ಕೈಕಟ್ಟಿ ನಿಂತ. “ಸಾಹೇಬ್ರ, ನನಗೂ ಒಂದು ಇಜ್ಜತ್ ಅದ. ನಮ್ಮ ಅಂಗಳಕ್ಕ ಬಂದು ನೀವು ಗಾಡ್ಯಾಗ ಮಲಗಿದ್ರ ನಾಳಿ ಮಂದಿ ನನಗೇನಂತಾರ?”

ಹಾಗಾದರೆ ಪಾರ್ಕು ಯಾಕೆ ಮಾಡಿದೆ ಎಂದು ನಾನು ರೇಗಿದೆ. ಪಾರ್ಕು ಇರುವುದು ಗಾಡಿಗೆ, ಮನುಷ್ಯರು ಮಲಗಬೇಕಾದದ್ದು ಮನೆಯಲ್ಲಿ ಎಂದು ಅವನು ಬಹಳ ಸಮಾಧಾನದಿಂದ ತಿಳಿಸಿ ಹೇಳಿದ. ನಾಲ್ಕು ತಿಂಗಳಲ್ಲಿ ಹನ್ನೊಂದು ಗಾಡಿ ಬಂದಿದ್ದವಂತೆ, ಒಂದರಲ್ಲೂ ಯಾರೂ ಮಲಗಿರಲಿಲ್ಲ. ಪುಣೆಯವನೊಬ್ಬ ಗಾಡಿಯಲ್ಲೇ ಮಲಗುತ್ತೇನೆ ಎಂದು ಹಟ ಹಿಡಿದದ್ದಕ್ಕೆ ಪೀರಸಾಬನೂ ಅವನ ಹೆಂಡತಿ ಹಜರಾಬಿಯೂ ಊಟ ಬಿಟ್ಟು ಕೂತಿದ್ದರಂತೆ. ಪುಣೆಯವನು ಅರ್ಧ ತಾಸಿನಲ್ಲಿ ಒಳಗೆ ಬಂದನಂತೆ.

ನಾವು ಹತ್ತು ನಿಮಿಷದಲ್ಲಿ ಒಳಗೆ ಹೋದೆವು. ಹಜರಾಬಿ ನಮಗಾಗಿ ಹೊಸ ಪಾತ್ರೆ ತಂದು ಬೇರೆ ಒಲೆಯ ಮೇಲೆ ಪುಂಡಿಪಲ್ಲೆ ಮಾಡಿದ್ದಳು. ಓಣಿಯ ಹೆಂಗಸರೆಲ್ಲ ಕಸ್ತೂರಿಬಾಯಿಯನ್ನು ನೋಡಲು ಬಂದರು, ಒಬ್ಬೊಬ್ಬರೂ ತವರು ಯಾವುದು, ಮಕ್ಕಳೆಷ್ಟು ಎಂದು ಕೇಳಿದರು. ಆಕೆ ಕಣ್ಣು ಎಳೆಯುತ್ತಿದ್ದರೂ ಎಲ್ಲರಿಗೂ ಉತ್ತರ ಕೊಟ್ಟಳು. ನಸುಕಿನಲ್ಲಿ ಅಲ್ಲಿಯೂ ಯಾರೋ ಬಾಗಿಲು ಬಡಿದರು, ಚಹಾ ತಂದಿದ್ದರು. ಹೊರಡುವಾಗ ಕ್ಯಾರಿಯರಿನ ಮೇಲೆ ಒಂದು ಚೀಲ ಜೋಳ, ಒಂದು ಭರಣಿ ನಿಂಬೆಕಾಯಿ ಉಪ್ಪಿನಕಾಯಿ ಏರಿದವು.

ಎರಡನೆಯ ಚುಕ್ಕೆ ಅಫಜಲಪುರ ತಾಲೂಕಿನ ಅತನೂರ. ಇಲ್ಲಿ ಕ್ಯಾಂಪು ನಡೆಸುವವನು ಕಲ್ಲಿನಾಥ. ಫೋನಿನಲ್ಲಿ ಟೆಂಟಿನ ವ್ಯವಸ್ಥೆ ಪೂರಾ ಇದೆ ಎಂದಿದ್ದ. ಹೋಗಿ ನೋಡಿದರೆ ಹೊಲದ ನಡುವೆ ನಲವತ್ತಕ್ಕೆ ಅರವತ್ತಡಿಯ ಮದುವೆ ಹಂದರ, ಇನ್ನೂರು ಕೆಂಪು ಕುರ್ಚಿ, ಸ್ಟೇಜು, ಸ್ಟೇಜಿನ ಮೇಲೆ ಇಬ್ಬರು ಕೂರುವ ಬಂಗಾರದ ಬಣ್ಣದ ಸೋಫಾ. ಕಲ್ಲಿನಾಥ ಹದಿನೆಂಟು ವರ್ಷದಿಂದ ಟೆಂಟ್ ಹೌಸ್ ನಡೆಸುತ್ತಿದ್ದಾನೆ, ಕ್ಯಾಂಪೆಂದರೆ ಟೆಂಟು ಎಂದು ಯಾರೋ ಹೇಳಿದ ಮೇಲೆ ಅವನಿಗೆ ಹೊಸದಾಗಿ ಕಲಿಯುವುದು ಏನೂ ಉಳಿದಿರಲಿಲ್ಲ. ಇಬ್ಬರಿಗೆ ಇಷ್ಟು ದೊಡ್ಡದು ಯಾಕಪ್ಪಾ ಎಂದರೆ, ತನ್ನ ಹತ್ತಿರ ಇರುವುದರಲ್ಲಿ ಇದೇ ಸಣ್ಣದು ಎಂದ.

ಅತನೂರಿನಲ್ಲಿ ಹಂದರ ಎದ್ದಿತೆಂದರೆ ಅಲ್ಲಿ ಕಾರ್ಯ ಇದೆ ಎಂದೇ ಅರ್ಥ. ಯಾರದು ಎಂದು ಕೇಳುವುದು ಸರಿಯಲ್ಲ, ಕರೆಯಲಿಲ್ಲ ಎಂದು ಮುನಿಸಿಕೊಂಡಂತೆ ಆಗುತ್ತದೆ. ಹತ್ತು ಗಂಟೆಗೆಲ್ಲ ಜನ ಮಡಿ ಉಟ್ಟು ಉಡುಗೊರೆಯ ಆಯೇರಿ ಹಿಡಿದು ಬರತೊಡಗಿದರು. ಕುರ್ಚಿ ತುಂಬಿದವು. ಹಿರಿಯರೊಬ್ಬರು ನಮ್ಮಿಬ್ಬರನ್ನೂ ಕೈಹಿಡಿದು ಸೋಫಾದ ಮೇಲೆ ಕೂರಿಸಿ ತಲೆಗೆ ಅಕ್ಕಿಕಾಳು ಹಾಕಿದರು. ಒಬ್ಬಾಕೆ ಬಂದು ಅರವತ್ತು ತುಂಬಿದ ಕಾರ್ಯವೋ ಎಂದು ವಿಚಾರಿಸಿದಳು. ನನಗೆ ಸಿಟ್ಟು ತಲೆಗೇರಿತ್ತು, ಹೌದು, ಎರಡು ವರ್ಷ ತಡವಾಗಿದೆ ಎಂದೆ. ಅವಳು ಅದನ್ನು ನಂಬಿ ಎಲ್ಲರಿಗೂ ಹೇಳಿದಳು.

ಬಂದವರಿಗೆ ಉಣ್ಣಿಸದೆ ಕಳಿಸುವುದು ಹೇಗೆ. ಕಲ್ಲಿನಾಥನ ಮನೆಯವರು ಹಂಡೆ ಇಟ್ಟರು. ಕಾರ್ಯದ ಯಜಮಾನಿ ಸುಮ್ಮನೆ ಕೂರುವಂತಿಲ್ಲವೆಂದು ಕಸ್ತೂರಿಬಾಯಿ ಸೋಫಾದಿಂದ ಇಳಿದು ಊರ ಹೆಂಗಸರ ಜೊತೆ ರೊಟ್ಟಿ ಬಡಿಯಲು ಕೂತಳು. ನೂರ ಎಂಬತ್ತು ಜನ ಉಂಡರು. ಸಂಜೆಯ ಹೊತ್ತಿಗೆ ಪಕ್ಕದ ಊರಿನವರೂ ಬಂದರು. ಆಕೆ ಮರುದಿನ ಬೆಳಗಾಗುವವರೆಗೆ ಬೆನ್ನು ನೆಲಕ್ಕೆ ಹಚ್ಚಲಿಲ್ಲ. ಕ್ಯಾರಿಯರಿನ ಮೇಲೆ ಒಂಬತ್ತು ಸೀರೆ, ನಾಲ್ಕು ಕುಂಬಳಕಾಯಿ, ಒಂದು ಚೀಲ ತೊಗರಿಬೇಳೆ, ಒಂದು ತಾಮ್ರದ ಕೊಡ, ಬುಟ್ಟಿಗಟ್ಟಲೆ ಒಣಗಿಸಿದ ಕಟಿ ರೊಟ್ಟಿ ಏರಿದವು. ಗಾಡಿ ಹಿಂದಕ್ಕೆ ಜಗ್ಗುತ್ತಿತ್ತು.

ಅತನೂರ ಬಿಟ್ಟು ಅರ್ಧ ತಾಸು ಆಗಿರಬಹುದು, ಮಾಳಿಂಗನ ಫೋನು ಬಂತು. ಸ್ಪೀಕರಿನಲ್ಲಿ ಹಾಕಿದೆ. ಮೂವತ್ತು ಮಂದಿ ಕಾಯುತ್ತಿದ್ದಾರೆ, ಹೋಳಿಗೆ ಆಗಿದೆ, ಊರ ಬಾಗಿಲಿಗೆ ಹಲಗೆ ಬಾರಿಸುವವರು ಬಂದು ನಿಂತಿದ್ದಾರೆ, ಎಲ್ಲಿದ್ದೀರಿ ಎಂದ. ನಾನು ಪಕ್ಕದ ಸೀಟಿನ ಕಡೆ ನೋಡಿದೆ. ಕಸ್ತೂರಿಬಾಯಿ ಕಣ್ಣು ತೆರೆದುಕೊಂಡೇ ಇದ್ದಳು, ಆ ಕಣ್ಣಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ತವರಿನ ಹೆಸರು ಕೇಳಿ ಆಕೆ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು. ಈ ಸಲ ಅದು ನನ್ನ ಮೇಲೆ ಬಂದಿತ್ತು, ಅದು ನನಗೆ ರೂಢಿಯಿರಲಿಲ್ಲ, ಏನು ಮಾಡಬೇಕೆಂದು ತಿಳಿಯಲಿಲ್ಲ. ಫೋನು ಆರಿಸಿದೆ. ಎದುರಿಗೆ ಬಂದ ಮೊದಲ ಕಚ್ಚಾ ರಸ್ತೆಗೆ ಗಾಡಿ ತಿರುಗಿಸಿದೆ.

ಅಫಜಲಪುರಕ್ಕೂ ಆಳಂದಕ್ಕೂ ನಡುವಿನ ಆ ಸೀಮೆಯಲ್ಲಿ ಒಂದು ಸಕ್ಕರೆ ಕಾರ್ಖಾನೆ ಇದೆ. ಅದರ ಹೆಸರನ್ನಾಗಲಿ, ದಾರಿಯನ್ನಾಗಲಿ ನಾನು ಹೇಳುವುದಿಲ್ಲ. ಹೇಳಿದರೆ ನಮ್ಮ ಬೀಗರು ಅಲ್ಲಿಗೂ ಬರುತ್ತಾರೆ.

ಕಬ್ಬು ನುರಿಸುವ ಹಂಗಾಮು. ರಸ್ತೆಯ ಎಡಬದಿಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿದ್ದವು, ಸಾಲು ಕಣ್ಣಿಗೆ ಕಾಣುವಷ್ಟು ದೂರ ಹೋಗಿತ್ತು. ಮಾಳಿಂಗ ಬೈಕು ಹತ್ತಿ ಹುಡುಕಲು ಹೊರಡುವವನೇ ಎಂದು ನನಗೆ ಗೊತ್ತಿತ್ತು. ಹಳದಿ ವ್ಯಾನು ದೂರದಿಂದಲೇ ಕಾಣುತ್ತದೆ. ಕೊನೆಯ ಟ್ರ್ಯಾಕ್ಟರಿನ ಹಿಂದೆ ಜಾಗ ಕಂಡಿತು, ಗಾಡಿ ತೂರಿಸಿ ಅಡಗಿಸಿದೆ. ಉಸಿರು ಬಿಡುವುದರೊಳಗೆ ಹಿಂದೆ ಒಂದು ಟ್ರ್ಯಾಕ್ಟರು ಬಂದು ಬಂಪರಿಗೆ ತಾಗುವಂತೆ ನಿಂತಿತು, ಅದರ ಹಿಂದೆ ಇನ್ನೊಂದು. ಬಲಕ್ಕೆ ರಸ್ತೆಗೂ ನಮಗೂ ನಡುವೆ ತಗ್ಗು, ಎಡಕ್ಕೆ ಕಾಲುವೆ. ನಾವು ಸಾಲಿಗೆ ಸೇರಿದ್ದೆವು.

ಕಾರ್ಖಾನೆಯ ವಾಚ್‌ಮನ್ ಸುಣ್ಣದ ಕಡ್ಡಿ ಹಿಡಿದು ಬಂದು ನಮ್ಮ ಮುಂದಿನ ಗಾಜಿನ ಮೇಲೆ 118 ಎಂದು ಬರೆದ. ಇದು ಕಬ್ಬಿನ ಗಾಡಿಯಲ್ಲ ಎಂದೆ. ತನ್ನ ಕೆಲಸ ನಂಬರು ಹಾಕುವುದು, ಮಾಲು ನೋಡುವುದಲ್ಲ ಎಂದು ಹೇಳಿ ಮುಂದಕ್ಕೆ ಹೋದ. ಇಂಥ ನೌಕರರು ನನ್ನ ಕೈಕೆಳಗೆ ಇದ್ದಿದ್ದರೆ ಇಲಾಖೆ ಎಲ್ಲಿಗೋ ಹೋಗುತ್ತಿತ್ತು.

ಕಸ್ತೂರಿಬಾಯಿ ಕೆಳಗಿಳಿದು ಸುತ್ತ ನೋಡಿದಳು. ಡ್ರೈವರುಗಳು ಟ್ರೇಲರಿನ ನೆರಳಿಗೆ ಚಾದರ ಹಾಸಿ ಮಲಗಿದ್ದರು. ಕೆಲವರು ಮೂರು ಕಲ್ಲಿಟ್ಟು ಅನ್ನ ಮಾಡುತ್ತಿದ್ದರು. ನೀರಿನ ಟ್ಯಾಂಕರಿತ್ತು. ಬೆಲ್ಲದ ವಾಸನೆ ಬರುತ್ತಿತ್ತು. ಯಾರೂ ಆಕೆಯನ್ನು ತಲೆಯೆತ್ತಿ ನೋಡಲಿಲ್ಲ, ತವರು ಯಾವುದು ಎಂದು ಕೇಳಲಿಲ್ಲ. ನಮ್ಮ ಮುಂದಿನ ಟ್ರ್ಯಾಕ್ಟರಿನ ಡ್ರೈವರ್ ಲಾಡ್ಲೆಸಾಬನನ್ನು ಆಕೆಯೇ ಮಾತನಾಡಿಸಿ, ಈ ಸಾಲು ಯಾವಾಗ ಮುಗಿಯುತ್ತದೆ ಎಂದು ಕೇಳಿದಳು. ಕಾಟಾ ಮೇಲೆ ಹತ್ತಲು ಸಂಜೆಯಾಗುತ್ತದೆ, ಹೊರಗೆ ಬೀಳಲು ನಾಳೆ ಮುಂಜಾನೆ ಎಂದ. ಕಾಟಾ ಎಂದರೆ ಗಾಡಿಗಳನ್ನು ಮಾಲುಸಮೇತ ತೂಗುವ ಕಬ್ಬಿಣದ ಹಾಸು. ಅಲ್ಲಿಯವರೆಗೆ ಇಲ್ಲಿಂದ ಹೊರಹೋಗಲು ದಾರಿಯಿಲ್ಲ ಎಂದೂ ಹೇಳಿದ.

“ಹಂಗಾದ್ರ ಛಲೋ ಆಯ್ತು,” ಎಂದಳು ನನ್ನ ಹೆಂಡತಿ. ಚಪ್ಪಲಿಯನ್ನು ಗಾಡಿಯ ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿಸಿತು. ಆಗ ಬೆಳಗಿನ ಒಂಬತ್ತು ಗಂಟೆ ಐದು ನಿಮಿಷ.

ಇಪ್ಪತ್ತು ನಿಮಿಷಕ್ಕೆ ಸಾಲು ಐದು ಗಾಡಿಗಳಷ್ಟು ಮುಂದೆ ಸರಿಯಿತು. ನಾನು ಸೀಟಿನ ಮೇಲೆ ಕೂತು ಕೀಲಿ ಹಿಡಿದೆ, ತಿರುಗಿಸಲಿಲ್ಲ. ಆ ಇಂಜಿನ್ನು ಸುರುವಾದರೆ ಮಂಚದ ತಿರುಪುಗಳೂ ಅಲುಗುತ್ತವೆ. ಹಿಂದಿನವನು ಹಾರ್ನು ಹೊಡೆದ. ನಾನು ಇಳಿದು ಹೋಗಿ ಅವನ ಜೊತೆ ಪಿಸುದನಿಯಲ್ಲಿ ಜಗಳಾಡಿದೆ. ಪಿಸುದನಿಯ ಜಗಳ ಜೀವನದಲ್ಲಿ ಅದೇ ಮೊದಲು, ಬಹಳ ಕಷ್ಟದ ಕೆಲಸ.

ಲಾಡ್ಲೆಸಾಬ ಬಂದು ಅಮ್ಮನವರಿಗೆ ಆರಾಮಿಲ್ಲವೇ ಎಂದು ಕೇಳಿದ. ಆರಾಮಾಗಿದ್ದಾಳೆ, ಮಲಗಿದ್ದಾಳೆ, ಬಹಳ ದಿನದಿಂದ ನಿದ್ದೆ ಇಲ್ಲ ಎಂದೆ.

“ಎಷ್ಟ ದಿನ ಆತ್ರಿ?”

“ಮೂವತ್ನಾಕ ವರ್ಷ.”

ಅವನು ನಗಲಿಲ್ಲ. ವರ್ಷಕ್ಕೆ ಐದು ತಿಂಗಳು ಸಾಲಿನಲ್ಲಿ ಕಳೆಯುವವನು, ನಿದ್ದೆಯ ಬೆಲೆ ಬಲ್ಲವನು. ತನ್ನ ಟ್ರ್ಯಾಕ್ಟರಿನ ಹಾಡಿನ ಪೆಟ್ಟಿಗೆ ಆರಿಸಿದ, ಹಿಂದೆ ಮುಂದೆ ಕೈ ಮಾಡಿ ಎಂಟು ಜನರನ್ನು ಕರೆದ. ಅವರು ನಮ್ಮ ಗಾಡಿಗೆ ಭುಜ ಕೊಟ್ಟು, ತೊಟ್ಟಿಲು ಸರಿಸುವ ಹಾಗೆ ಮುಂದೆ ಸರಿಸಿದರು. ಮೆಟ್ಟಿಲ ಮೇಲಿನ ಚಪ್ಪಲಿ ಬೀಳಬಾರದೆಂದು ನಾನು ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ.

ಅಂದು ಮಧ್ಯಾಹ್ನದ ಹೊತ್ತಿಗೆ ಇಡೀ ಸಾಲಿನಲ್ಲಿ ಹಾಡು ನಿಂತಿತ್ತು. ನೂರಾ ಹದಿನೆಂಟರ ಹತ್ತಿರ ಸಾವಕಾಶ ಎಂಬ ಸುದ್ದಿ ಬಾಯಿಂದ ಬಾಯಿಗೆ ಎರಡೂ ಕಡೆ ಹೋಯಿತು. ಹೋಗುತ್ತಾ ಹೋಗುತ್ತಾ ಬೆಳೆಯಿತು. ಗೇಟಿನ ಹತ್ತಿರದವರು ಒಳಗೆ ಬಾಣಂತಿ ಇದ್ದಾಳೆ ಎಂದು ತಿಳಿದರು. ಸಾಲಿನ ತುದಿಯವರಿಗೆ ಯಾರೋ ಸ್ವಾಮಿಗಳು ಧ್ಯಾನಕ್ಕೆ ಕೂತಿದ್ದಾರೆ ಎಂದು ಮುಟ್ಟಿತು, ಅಲ್ಲಿಂದ ಒಬ್ಬ ಕಾಯಿ ಕರ್ಪೂರ ಹಿಡಿದು ಎರಡು ಕಿಲೋಮೀಟರು ನಡೆದು ಬಂದ. ಕಾಯಿ ಒಡೆದರೆ ಸದ್ದಾಗುತ್ತದೆ ಎಂದು ಹೇಳಿ ಕಳಿಸಿದೆ. ಅವನು ಬಾಗಿಲಿಗೆ ದೂರದಿಂದಲೇ ಕೈಮುಗಿದು ಹೋದ. ಹತ್ತು, ಹದಿನೈದು, ಇಪ್ಪತ್ತು ಸಲ ಗಾಡಿ ತಳ್ಳಿದರು. ಪ್ರತಿಸಲವೂ ಹೊಸ ಭುಜಗಳು. ಒಳಗಿನಿಂದ ಸಣ್ಣಗೆ ಗೊರಕೆ ಕೇಳುತ್ತಿತ್ತು. ಮದುವೆಯಾದ ಮೇಲೆ ಆಕೆಯ ಗೊರಕೆಯನ್ನು ನಾನು ಕೇಳಿದ್ದು ಅದೇ ಮೊದಲು, ನಾಚಿಕೆಯಾಯಿತು.

ಸಂಜೆ ಐದೂವರೆಗೆ ಕಾಟಾ ಕಂಡಿತು. ಹನ್ನೊಂದು ವರ್ಷದ ಹಿಂದೆ ಆ ಕಾಟಾಕ್ಕೆ ಸೀಲು ಹೊಡೆದವನು ನಾನೇ. ಗೋಡೆಯ ಮೇಲೆ ‘ತೂಗುವಾಗ ಗಾಡಿಯಲ್ಲಿ ಮನುಷ್ಯರು ಇರಕೂಡದು’ ಎಂದು ಕೆಂಪಕ್ಷರದಲ್ಲಿ ಬರೆಸಿದವನೂ ನಾನೇ. ನನ್ನ ಹೆಸರು ಹೇಳಿದ್ದರೆ ಗೇಟು ತಟ್ಟನೆ ತೆರೆಯುತ್ತಿತ್ತು. ಅದರ ಜೊತೆಗೆ ಗೆಸ್ಟ್‌ಹೌಸೂ ತೆರೆಯುತ್ತಿತ್ತು, ಶಾಲು ಬರುತ್ತಿತ್ತು, ಮೇಡಮ್ಮನವರು ಎಲ್ಲಿ ಎಂದು ಯಾರೋ ಒಬ್ಬರು ಹೋಗಿ ಬಾಗಿಲು ಬಡಿಯುತ್ತಿದ್ದರು. ಹೆಸರನ್ನು ನಾಲಿಗೆಯ ತುದಿಯಿಂದ ಹಿಂದಕ್ಕೆ ನುಂಗಿದೆ. ಅಷ್ಟು ಭಾರದ್ದನ್ನು ನಾನು ಯಾವತ್ತೂ ನುಂಗಿಲ್ಲ.

ಇಲ್ಲಿಯ ಪದ್ಧತಿ ಸರಳ. ಒಳಗೆ ಹೋಗುವಾಗ ತುಂಬಿದ ಗಾಡಿಯ ತೂಕ, ಹೊರಗೆ ಬರುವಾಗ ಖಾಲಿ ಗಾಡಿಯ ತೂಕ. ಕಳೆದು ಉಳಿದದ್ದು ಕಬ್ಬು. ಉಳಿದದ್ದು ಸೊನ್ನೆಯಾದರೆ ಕಂಪ್ಯೂಟರು ಚೀಟಿ ಕೊಡುವುದಿಲ್ಲ, ಚೀಟಿ ಇಲ್ಲದೆ ಹೊರಗೇಟು ತೆರೆಯುವುದಿಲ್ಲ.

ಎಂಟು ಜನ ನಮ್ಮ ಗಾಡಿಯನ್ನು ಮೆಲ್ಲಗೆ ಕಾಟಾದ ಮೇಲೆ ಹತ್ತಿಸಿದರು. ಗುಮಾಸ್ತ ಸಂಜುಕುಮಾರ ಕಿಟಕಿಯ ಒಳಗೆ ಕಂಪ್ಯೂಟರಿನ ಮೇಲೆ ಕಣ್ಣು ನೆಟ್ಟು ಕೂತಿದ್ದ. ಅದೇ ಹೊತ್ತಿಗೆ ಹಿಂದಿನಿಂದ ಬೈಕೊಂದು ಧೂಳೆಬ್ಬಿಸಿ ಬಂದು ನಿಂತಿತು. ನಾನು ತಿರುಗಿ ನೋಡುವ ಮೊದಲೇ ಯಾರೆಂದು ಗೊತ್ತಾಯಿತು, ಹೋಳಿಗೆಯ ವಾಸನೆ ಬಂದಿತ್ತು. ಮಾಳಿಂಗ ದೊಡ್ಡ ಸ್ಟೀಲಿನ ಡಬ್ಬಿಯನ್ನು ಎದೆಗೆ ಅಪ್ಪಿಕೊಂಡು ಇಳಿದ. ಮುಖದ ತುಂಬ ಧೂಳು. ದಾರಿಯ ಪ್ರತಿಯೊಂದು ಚಹಾದಂಗಡಿಯಲ್ಲಿ ಹಳದಿ ವ್ಯಾನು ಕಂಡಿರಾ ಎಂದು ಕೇಳುತ್ತಾ ಬಂದಿದ್ದ.

“ಮಾಮಾರ, ಅಕ್ಕ ಎಲ್ಲಿದಾಳ? ಮುಂಜಾನಿಂದ ಮೂವತ್ತು ಮಂದಿ ಉಂಡಿಲ್ರಿ.”

ಸಂಜುಕುಮಾರ ಕಿಟಕಿಯಿಂದ ಕೇಳಿದ. “ನೂರಾ ಹದಿನೆಂಟು. ಮಾಲೇನದ ಒಳಗ? ಮನುಷ್ಯಾರು ಯಾರರ ಇದ್ರ ಇಳಸ್ರಿ, ಮನುಷ್ಯಾರ ತೂಕ ಹಿಡಿಯಂಗಿಲ್ಲ.”

ಇಬ್ಬರೂ ನನ್ನ ಉತ್ತರಕ್ಕೆ ಕಾದರು. ನನ್ನ ಕಣ್ಣೆದುರಿಗೆ ಗೋಡೆಯ ಮೇಲೆ ನಾನೇ ಬರೆಸಿದ ಕೆಂಪಕ್ಷರ. ಬಾಗಿಲ ಮುಂದೆ ಹೋಗಿ ನಿಂತೆ. ಮೂವತ್ತೊಂದು ವರ್ಷದಲ್ಲಿ ಎರಡು ಗ್ರಾಂ ಸುಳ್ಳನ್ನೂ ನಾನು ಬಿಟ್ಟಿರಲಿಲ್ಲ.

“ಮನುಷ್ಯಾರು ಯಾರೂ ಇಲ್ಲ,” ಎಂದೆ. “ಕಬ್ಬು ಅದ.”

ಹೇಳಿದ ಮೇಲೆ ತಿಳಿಯಿತು, ಚಪ್ಪಲಿ ನನ್ನ ಕೈಯಲ್ಲೇ ಇದ್ದವು. ಮಾಳಿಂಗ ಅವನ್ನೇ ನೋಡುತ್ತಿದ್ದ. ಹೋದ ಪಂಚಮಿಗೆ ಅಕ್ಕ ತವರಿಗೆ ಬಂದಾಗ ಅವನೇ ಆಳಂದದ ಅಂಗಡಿಯಿಂದ ಕೊಡಿಸಿದ ಚಪ್ಪಲಿ. ಬಾಗಿಲ ಒಳಗಿನಿಂದ ಗೊರಕೆ ಬಂತು. ಮಾಳಿಂಗನ ಬಾಯಿ ತೆರೆಯಿತು, ಕೂಗಲು ಎಂದುಕೊಂಡೆ, ಮತ್ತೆ ಮುಚ್ಚಿತು. ಅವನ ಕಣ್ಣು ತುಂಬಿದವು. ಆ ಪಂಚಮಿಯಲ್ಲೂ ಆಕೆ ಮೂರು ದಿನ ಅವನ ಮನೆಯಲ್ಲಿ ಉಂಡಿ ಕಟ್ಟುತ್ತಾ, ಬಂದವರಿಗೆ ಬಡಿಸುತ್ತಾ ಇದ್ದದ್ದು ಅವನಿಗೆ ಆಗ ನೆನಪಾಯಿತು ಎಂದು ಆಮೇಲೆ ಹೇಳಿದ.

“ಯಾವ ತಳಿ?” ಎಂದ ಸಂಜುಕುಮಾರ. ಕಬ್ಬಿನ ತಳಿಗಳ ಹೆಸರು ನನಗೆ ಒಂದೂ ಗೊತ್ತಿಲ್ಲ.

“ನಿಂಬರ್ಗಾದ್ರಿ,” ಎಂದ ಮಾಳಿಂಗ. “ನಮ್ಮ ಹೊಲದ್ದ.”

ಸಂಜುಕುಮಾರ ಟೈಪು ಮಾಡಿದ. ಎರಡು ಟನ್ನು ನಲವತ್ತು ಕಿಲೋ. ತೂಗಿದ ಮೇಲೆ ಗಾಡಿ ಕೆಳಗಿಳಿಯಲು ಗಂಟೆ ಬಾರಿಸುವುದು ಪದ್ಧತಿ. ಅವನ ಕೈ ಗುಂಡಿಯ ಮೇಲೆ ಹೋಯಿತು, ತಲೆಯೆತ್ತಿ ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದ, ಗಂಟೆ ಬಾರಿಸದೆ ಬೆರಳಿನಿಂದ ಮುಂದೆ ಹೋಗಿ ಎಂದು ಸನ್ನೆ ಮಾಡಿದ. ಮಾಳಿಂಗ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಗಾಡಿಯ ಹಿಂದೆ ಹೋಗಿ ಭುಜ ಕೊಟ್ಟ.

ಇನ್ನು ಮಾಲು ಇಳಿಸಬೇಕಿತ್ತು. ಲಾಡ್ಲೆಸಾಬ ಬರಿಗಾಲಲ್ಲಿ ಕ್ಯಾರಿಯರು ಹತ್ತಿ, ಒಂದೊಂದನ್ನೇ ಹಸುಗೂಸು ಕೊಡುವ ಹಾಗೆ ಕೆಳಗೆ ಕೊಟ್ಟ. ಪೀರಸಾಬನ ಜೋಳ, ಅತನೂರಿನ ತೊಗರಿಬೇಳೆ, ನಾಲ್ಕು ಕುಂಬಳಕಾಯಿ, ಕೊಡ. ಸೀರೆಗಳನ್ನು ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಆರಿಸಿಕೊಂಡರು. ರೊಟ್ಟಿ, ಹಜರಾಬಿಯ ಉಪ್ಪಿನಕಾಯಿ, ನಿಂಬರ್ಗಾದ ಹೋಳಿಗೆ ಸಾಲಿನವರ ಕೈಸೇರಿದವು. ನಲವತ್ತು ಐವತ್ತು ಮಂದಿ ಒಂದು ಮಾತಿಲ್ಲದೆ ಉಂಡರು. ಕಟಿ ರೊಟ್ಟಿ ಮುರಿಯುವ ಸದ್ದು ಆಗಬಾರದೆಂದು ನೀರಿನಲ್ಲಿ ಅದ್ದಿಕೊಂಡು ತಿಂದರು. ಮಾಳಿಂಗ ತಾನೂ ಅವರ ನಡುವೆ ಕೂತು ಒಂದು ಹೋಳಿಗೆ ತಿಂದ. ಎರಡು ಹೋಳಿಗೆ ಎಲೆಯಲ್ಲಿ ಕಟ್ಟಿ ನನ್ನ ಕೈಗಿಟ್ಟ. ಅಕ್ಕ ಸಿಗಲಿಲ್ಲ ಎಂದು ಊರಲ್ಲಿ ಹೇಳುತ್ತೇನೆ ಎಂದ. ಬೈಕನ್ನು ಸುರುಮಾಡದೆ ರಸ್ತೆಯವರೆಗೆ ತಳ್ಳಿಕೊಂಡು ಹೋದ.

ಇರುಳು ಸಾಲಿನಲ್ಲೇ ಕಳೆಯಿತು. ಬೆಳಿಗ್ಗೆ ಆರಕ್ಕೆ ಖಾಲಿ ಗಾಡಿಗಳ ಸರದಿ ಬಂದಾಗ ಮತ್ತೆ ಕಾಟಾ ಹತ್ತಿಸಿದರು. ಸಂಜುಕುಮಾರ ಚೀಟಿ ಕೊಟ್ಟ: ನಂಬರು 118, ತಳಿ ನಿಂಬರ್ಗಾ, ಕಬ್ಬು ಒಂದು ಕ್ವಿಂಟಲ್ ಅರವತ್ತೆರಡು ಕಿಲೋ. ಎರಡೂ ಸಲದ ತೂಕದಲ್ಲಿ ಕಸ್ತೂರಿಬಾಯಿ ಇದ್ದಳು, ಎರಡೂ ಸಲ ಲೆಕ್ಕಕ್ಕೆ ಬರಲಿಲ್ಲ. ಆ ಸುಳ್ಳು ಚೀಟಿಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟೆ. ಈಗಲೂ ಇದೆ, ಕೇಳಿದವರಿಗೆ ತೋರಿಸುವುದಿಲ್ಲ.

ಹೊರಗೇಟಿನ ಆಚೆಯ ಬಯಲಿಗೆ ಗಾಡಿ ತಳ್ಳಿ ಎಲ್ಲರೂ ಹೋದರು. ನಾನು ಲಾಡ್ಲೆಸಾಬನ ಒಲೆ ಕೇಳಿ ಪಡೆದು ಚಹಾ ಮಾಡಿದೆ. ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಕೂತು ಸಕ್ಕರೆ ಹಾಕುವುದನ್ನು ಮರೆತೆ. ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಚಿಲಕ ತೆಗೆದ ಸದ್ದಾಯಿತು. ಇಪ್ಪತ್ತೆರಡು ತಾಸು ಏಳು ನಿಮಿಷ.

ಕಸ್ತೂರಿಬಾಯಿ ಬಾಗಿಲಲ್ಲಿ ನಿಂತಳು. ಕೂದಲು ಬಿಚ್ಚಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಮೂವತ್ತನಾಲ್ಕು ವರ್ಷದ ಹಿಂದೆ ನಮ್ಮ ಮದುವೆಯ ಹಂದರದಲ್ಲಿ ನೋಡಿದ ಮುಖ ಅದು, ನಡುವೆ ಎಲ್ಲಿಗೆ ಹೋಗಿತ್ತೋ. ಯಾರು ಬಡಿದರು ಎಂದು ಕೇಳಿದಳು. ಯಾರೂ ಬಡಿಯಲಿಲ್ಲ ಎಂದೆ. ನಂಬದೆ ಮತ್ತೊಮ್ಮೆ ಕೇಳಿದಳು. ನಾನು ಚಹಾ ಕೊಟ್ಟೆ, ಒಂದು ಗುಟುಕು ಕುಡಿದು ನನ್ನ ಮುಖ ನೋಡಿದಳು, ಪೂರ್ತಿ ಕುಡಿದಳು. ಎಲೆ ಬಿಚ್ಚಿ ಹೋಳಿಗೆ ನೋಡಿ ಮಾಳಿಂಗ ಬಂದಿದ್ದನೇ ಎಂದಳು. ಬಂದಿದ್ದ, ಗಾಡಿ ತಳ್ಳಿ ಹೋದ ಎಂದೆ. ಆಕೆ ಆ ಹೋಳಿಗೆಯನ್ನು ಕೈಯಲ್ಲಿ ಹಿಡಿದು ಕೂತಳು. ಅಳುತ್ತಾಳೆ ಎಂದು ಹೆದರಿದೆ. ಅಳಲಿಲ್ಲ, ತಿಂದಳು.

ಇನ್ನು ನಿಂಬರ್ಗಾಕ್ಕೋ ಮನೆಗೋ ಎಂದು ಕೇಳಿದೆ. ಆಕೆ ರಸ್ತೆಯ ಕಡೆ ನೋಡುತ್ತಿದ್ದಳು. ಕಬ್ಬಿನ ಗಾಡಿಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು, ಕೆಳಗೆ ಡ್ರೈವರುಗಳು ಮಲಗಿದ್ದರು.

“ಈ ಸಾಲಿನ ತುದಿ ಎಲ್ಲಿ ಅದ್ರಿ?” ಎಂದಳು.

ನಾನು ಗಾಡಿ ತಿರುಗಿಸಿ ಮೂರು ಕಿಲೋಮೀಟರು ಹಿಂದೆ ಹೋಗಿ ಸಾಲಿನ ತುದಿಗೆ ನಿಲ್ಲಿಸಿದೆ. ವಾಚ್‌ಮನ್ ಬಂದು ಗಾಜು ಒರೆಸಿ ಹೊಸ ದಿನದ ನಂಬರು 96 ಎಂದು ಬರೆದ, ಮಾಲೇನೆಂದು ಕೇಳಲಿಲ್ಲ. ಕಸ್ತೂರಿಬಾಯಿ ಒಳಗೆ ಹೋದಳು, ಚಿಲಕ ಬಿತ್ತು. ನಾನು ಮೆಟ್ಟಿಲ ಮೇಲಿಂದ ಚಪ್ಪಲಿ ಎತ್ತಿಕೊಂಡೆ.